ಎಷ್ಟು ಆಳು ಬಂದಿದ್ದರು?

ನನ್ನ ತವರು ಸಿದ್ದಾಪುರದ ಕಡೆಯ ಒಂದು ಅಡಿಕೆ ತೋಟದ ಮನೆ. ಮದುವೆಯಾಗಿ ಬಂದದ್ದು ಬನವಾಸಿ ಹತ್ತಿರದ ಗುಡ್ನಾಪುರಕ್ಕೆ. ಮೂರು ವರ್ಷಗಳ ಹಿಂದೆ ಅಣ್ಣ ತವರಿನ ಹಳೆಯ ಮನೆಯ ಮಾಡು ಬಿಚ್ಚಿಸಿ ಹೆಂಚು ಬದಲಾಯಿಸಲು ಹೊರಟಾಗ ಅಟ್ಟದ ಮೇಲಿದ್ದ ಸಾಮಾನುಗಳನ್ನೆಲ್ಲ ಕೆಳಗಿಳಿಸಬೇಕಾಗಿ ಬಂತು. ಒಡೆದ ಉಪ್ಪಿನಕಾಯಿ ಭರಣಿ, ತುಕ್ಕು ಹಿಡಿದ ಮೆಟ್ಟುಗತ್ತಿ, ಕಾಲು ಮುರಿದ ತೊಟ್ಟಿಲು ಇವುಗಳ ನಡುವೆ ಒಂದು ಕಬ್ಬಿಣದ ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಅಜ್ಜ ಬರೆದಿಟ್ಟ ಲೆಕ್ಕದ ಪುಸ್ತಕಗಳು. 1953ರಿಂದ 1961ರ ವರೆಗಿನವು. ಅಣ್ಣನಿಗೆ ಅವು ಬೇಡವಾಗಿದ್ದವು. ನಾನು ಸೀರೆಯ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದೆ.

ನಾನು ಇತಿಹಾಸದ ಪಂಡಿತೆಯಲ್ಲ. ಬಿ.ಎ., ಬಿ.ಎಡ್. ಮುಗಿಸಿ ಮಕ್ಕಳಿಗೆ ಸಮಾಜ ಪಾಠ ಹೇಳುತ್ತ ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು. ಆದರೂ ಹಳೆಯ ಕಾಗದ ಕಂಡರೆ ಬಿಡಲಾಗದ ಒಂದು ಚಟ ನನಗಿದೆ. ರಾತ್ರಿ ಅಡಿಗೆಮನೆ ಕೆಲಸ ಮುಗಿಸಿ, ಕನ್ನಡಕ ಏರಿಸಿ ಅಜ್ಜನ ಪುಸ್ತಕ ಓದತೊಡಗಿದೆ. ಅಜ್ಜನ ಅಕ್ಷರ ದುಂಡಗೆ ಮುತ್ತಿನ ಹಾಗಿತ್ತು. ಅಡಿಕೆ ಕೊಂಡ ವ್ಯಾಪಾರಿಯ ಹೆಸರು ಇತ್ತು. ದೇವಸ್ಥಾನಕ್ಕೆ ಕೊಟ್ಟ ಕಾಣಿಕೆ ಇತ್ತು. 'ಗೌರಿ ಹೆಣ್ಣು ಕರು ಹಾಕಿತು' ಎಂದು ಆಕಳ ಹೆಸರನ್ನೂ ಬರೆದಿದ್ದರು. ಆದರೆ ತೋಟದಲ್ಲಿ ದುಡಿದವರ ಬಗ್ಗೆ ಪುಟಪುಟದಲ್ಲೂ ಇದ್ದದ್ದು ಒಂದೇ ಬಗೆಯ ಸಾಲು: 'ಕೊನೆ ಕೊಯ್ಲು. ಗಂಡಾಳು 6. ಹೆಣ್ಣಾಳು 9.' ಒಂದು ಕಡೆ ಮಾತ್ರ ಸ್ವಲ್ಪ ಬೇರೆ ಬರೆದಿತ್ತು: 'ಕೆಳಗಿನ ಆಳು ಒಬ್ಬ ಜ್ವರ ಬಂದು ಮಲಗಿದ. ಮೂರು ದಿನ ಲೆಕ್ಕಕ್ಕಿಲ್ಲ.'

ಅಜ್ಜ ಕೆಟ್ಟವರಾಗಿರಲಿಲ್ಲ. ಜ್ವರ ಬಂದವನಿಗೆ ಅಜ್ಜಿ ಕಷಾಯ, ಗಂಜಿ ಕೊಟ್ಟೇ ಇರುತ್ತಾಳೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಆ 'ಲೆಕ್ಕಕ್ಕಿಲ್ಲ' ಎಂಬ ಮಾತು ನನ್ನನ್ನು ಹಲವು ದಿನ ಬಿಡಲಿಲ್ಲ. ನಮ್ಮ ಮಾತನ್ನೇ ನೋಡಿ. 'ಇವತ್ತು ಎಷ್ಟು ಜನ ಬಂದಿದ್ದರು' ಎಂದು ನಾವು ಕೇಳುವುದು ಮದುವೆ ಮುಂಜಿಯ ಮನೆಯಲ್ಲಿ. ತೋಟ ಗದ್ದೆಗೆ ಬಂದವರನ್ನು ಕುರಿತಾದರೆ 'ಎಷ್ಟು ಆಳು ಬಂದಿದ್ದರು' ಎನ್ನುತ್ತೇವೆ. ನಾನೂ ಹಾಗೇ ಕೇಳುತ್ತ ಬಂದವಳು. ಎಷ್ಟು ಲೋಟ ಚಹಾ ಇಡಬೇಕು ಎಂದು ತಿಳಿಯುವುದಕ್ಕೆ ಆ ಲೆಕ್ಕ ಸಾಕಾಗಿತ್ತು.

ಈ 'ಕೆಳಗಿನ ಆಳು' ಎಂದರೆ ಯಾರು ಎಂಬುದು ನಮ್ಮ ಸೀಮೆಯವರಿಗೆ ಗೊತ್ತು. ಘಟ್ಟದ ಕೆಳಗಿನ ಕುಮಟೆ, ಹೊನ್ನಾವರ, ಅಂಕೋಲೆ ಕಡೆಯಿಂದ ಕೊಯ್ಲಿನ ಕಾಲಕ್ಕೆ ಮೇಲೆ ಬರುತ್ತಿದ್ದವರು. ದೀಪಾವಳಿ ಕಳೆದ ಮೇಲೆ ಬಂದು, ಕೊನೆ ಇಳಿಸಿ, ರಾತ್ರಿ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಸಾಲಾಗಿ ಕುಳಿತು ಅಡಿಕೆ ಸುಲಿದು, ಬೇಸಿಗೆ ಬಲಿಯುವ ಹೊತ್ತಿಗೆ ಇಳಿದು ಹೋಗುತ್ತಿದ್ದರು. ನಾನು ಚಿಕ್ಕವಳಿದ್ದಾಗಲೂ ಬರುತ್ತಿದ್ದರು. ಸುಲಿಯುವಾಗ ಅವರು ಹೇಳುತ್ತಿದ್ದ ಕಥೆಗಳನ್ನು ಕೇಳುತ್ತ ಅಲ್ಲೇ ಚಾಪೆಯ ಮೇಲೆ ನಿದ್ದೆ ಹೋದದ್ದು ನೆನಪಿದೆ. ಕಥೆ ನೆನಪಿದೆ, ಹೇಳಿದವರ ಹೆಸರು ನೆನಪಿಲ್ಲ.

ಹೊರಗಿನಿಂದ ಜನ ಏಕೆ ಬೇಕಾಯಿತು? ಅದಕ್ಕೂ ಒಂದು ಇತಿಹಾಸವಿದೆ. ನಮ್ಮ ಘಟ್ಟದ ಮೇಲಿನ ತಾಲ್ಲೂಕುಗಳು ಮಲೇರಿಯಾದಿಂದ ನಲುಗಿದ್ದವು. ಮನೆಮನೆಯೇ ಖಾಲಿಯಾದ ಊರುಗಳ ಕಥೆಯನ್ನು ಹಿರಿಯರು ಹೇಳುತ್ತಿದ್ದರು. ಬ್ರಿಟಿಷರ ಕಾಲದ ಜನಗಣತಿಗಳಲ್ಲೂ ಇಲ್ಲಿ ಜನ ಕಡಿಮೆಯಾಗುತ್ತ ಹೋದದ್ದು ಕಾಣುತ್ತದೆ. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತಷ್ಟೆ. ಆ ಪ್ರಾಂತ್ಯದಲ್ಲಿ ಎರಡನೆಯ ಮಹಾಯುದ್ಧ ಮುಗಿಯುತ್ತಲೇ, 1946ರ ಹೊತ್ತಿಗೆ, ಡಾ. ಡಿ.ಕೆ. ವಿಶ್ವನಾಥನ್ ಎಂಬ ವೈದ್ಯರು ಧಾರವಾಡ ಮತ್ತು ಕಾರವಾರ ಜಿಲ್ಲೆಗಳಲ್ಲಿ ಮನೆಗಳಿಗೆ ಡಿಡಿಟಿ ಹೊಡೆಸಲು ಆರಂಭಿಸಿದರು. ಗೋಡೆಗೆ ಬಿಳಿ ಪುಡಿ ಹೊಡೆಯಲು ಬಂದ ಸರ್ಕಾರಿ ನೌಕರರನ್ನು ಕಂಡು ಅಜ್ಜಿ ದೇವರ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದಳಂತೆ. ಆದರೆ ಆ ಪುಡಿಯಿಂದಲೇ ಅವಳ ಮಕ್ಕಳು ಉಳಿದರು. ಈ ಡಿಡಿಟಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ದಕ್ಷಿಣಕ್ಕೆ ಹೋದರೆ ಇದೇ ಕಥೆ ಇನ್ನೂ ದೊಡ್ಡದು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಕೊಡಗಿನಲ್ಲೂ ಚಿಕ್ಕಮಗಳೂರಿನಲ್ಲೂ ಯುರೋಪಿಯನ್ನರ ಕಾಫಿ ತೋಟಗಳು ಎದ್ದವು. ದಕ್ಷಿಣ ಕನ್ನಡದ ಬಡವರು ಘಟ್ಟ ಹತ್ತಿ ಅಲ್ಲಿಗೆ ದುಡಿಯಲು ಹೋದರು. ಕರೆದೊಯ್ಯುತ್ತಿದ್ದವನು ಮೇಸ್ತ್ರಿ. ಮೊದಲು ಕೈಗೆ ಮುಂಗಡ ಕೊಡುತ್ತಿದ್ದ. ಮುಂಗಡ ತೀರುವ ತನಕ ತೋಟ ಬಿಡುವಂತಿಲ್ಲ. ಇದಕ್ಕೆ ಕಾನೂನಿನ ಬಲವೂ ಇತ್ತು. 1859ರ ಒಂದು ಕಾಯಿದೆಯ ಪ್ರಕಾರ ಮುಂಗಡ ಪಡೆದ ಕೆಲಸಗಾರ ನಡುವೆ ಕೆಲಸ ಬಿಟ್ಟರೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಮಾತಿನಂತೆ ಕೆಲಸ ಮಾಡಬೇಕು, ಇಲ್ಲವೇ ಹಣ ತೆರಬೇಕು, ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಸೆರೆಮನೆ. ಆ ಕಾಯಿದೆಯಲ್ಲಿ ಮಾತು ಮುರಿದ ಯಜಮಾನನಿಗೆ ಇಲ್ಲದ ಸೆರೆಮನೆ ಕೂಲಿಯವನಿಗೆ ಇತ್ತು. ಆ ಕಾಯಿದೆ 1926ರಲ್ಲಿ ದೇಶದಿಂದ ಹೋಯಿತು. ಕೊಡಗಿನಲ್ಲಿ ಮಾತ್ರ ತೋಟದ ಮಾಲೀಕರಿಗಾಗಿ ಅಂಥದೇ ಬೇರೊಂದು ಕಾಯಿದೆ ಇನ್ನೂ ಕೆಲವು ವರ್ಷ ಉಳಿಯಿತು.

ಶಿವರಾಮ ಕಾರಂತರ 'ಚೋಮನ ದುಡಿ' ನಮಗೆಲ್ಲ ಗೊತ್ತು. 1933ರ ಕಾದಂಬರಿ. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು. ಚೋಮನಿಗೆ ಭೂಮಿಯ ಆಸೆ ಎಂದಷ್ಟೇ ನಾವು ಮಕ್ಕಳಿಗೆ ಹೇಳುತ್ತೇವೆ. ಆದರೆ ಅವನ ಮನೆ ಒಡೆದದ್ದು ಕಾಫಿ ತೋಟದ ಸಾಲದಿಂದ ಎಂಬುದನ್ನು ಮರೆಯುತ್ತೇವೆ. ಸಾಲ ತೀರಿಸಲೆಂದು ಗಂಡುಮಕ್ಕಳು ಘಟ್ಟ ಹತ್ತುತ್ತಾರೆ. ಅವರಿಂದ ಆಗದಾಗ ಮಗಳು ಬೆಳ್ಳಿ ಹೋಗುತ್ತಾಳೆ. ಅಲ್ಲಿ ಆ ಹುಡುಗಿ ತೆತ್ತ ಬೆಲೆ ಏನೆಂಬುದು ಸಿನಿಮಾ ನೋಡಿದ ಯಾವ ಹೆಂಗಸಿಗೂ ಮರೆತಿರಲಾರದು.

ಇಷ್ಟು ನಮ್ಮ ನೆಲದ ಮಾತಾಯಿತು. ಇನ್ನೊಂದು ನೆಲದ ಪರಿಚಯ ನನಗೆ ಆದದ್ದು ಆಕಸ್ಮಿಕವಾಗಿ. ತಂಗಿಯ ಮಗ ಕ್ಯಾಲಿಫೋರ್ನಿಯಾದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. 2019ರ ಬೇಸಿಗೆ ರಜೆಯಲ್ಲಿ ಅವನ ಹೆಂಡತಿಯ ಬಾಣಂತನಕ್ಕೆ ತಂಗಿಯ ಜೊತೆಗೆ ನಾನೂ ಹೋದೆ. ಒಂದು ಭಾನುವಾರ ಅವನು ನಮ್ಮನ್ನು ಕಾರಿನಲ್ಲಿ ಸಮುದ್ರ ತೋರಿಸಲು ಕರೆದೊಯ್ದ. ವಾಟ್ಸನ್‌ವಿಲ್ ಎಂಬ ಊರು ಸಮೀಪಿಸುತ್ತಿದ್ದಂತೆ ರಸ್ತೆಯ ಎರಡೂ ಕಡೆ ಸ್ಟ್ರಾಬೆರಿ ಗದ್ದೆಗಳು. ಸಾಲುಸಾಲಾಗಿ ಜನ ಬಗ್ಗಿದ್ದಾರೆ. ಹೆಂಗಸರು ತಲೆಗೆ ಟೊಪ್ಪಿಗೆ ಇಟ್ಟು, ಕಣ್ಣು ಮಾತ್ರ ಕಾಣುವಂತೆ ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದಾರೆ. ನಾನು ತಂಗಿಗೆ ಹೇಳಿದೆ: 'ನೋಡೇ, ಥೇಟ್ ನಮ್ಮ ಬನವಾಸಿ ಅನಾನಸು ಗದ್ದೆ.'

ಬನವಾಸಿ ಕಡೆಯ ಅನಾನಸು ಗದ್ದೆ ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಅನಾನಸಿನ ಎಲೆಯ ಅಂಚು ಗರಗಸದ ಹಾಗೆ. ಅದಕ್ಕೇ ನಮ್ಮ ಹೆಂಗಸರು ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಅಂಗಿ ತೊಟ್ಟು, ಕಾಲಿಗೆ ಹಳೇ ಬಟ್ಟೆ ಕಟ್ಟಿಕೊಂಡು ಇಳಿಯುತ್ತಾರೆ. ಬಿಸಿಲು, ಧೂಳು, ಔಷಧಿಯ ವಾಸನೆಗೆ ಮುಖ ಮುಚ್ಚುತ್ತಾರೆ. ಅಲ್ಲಿಯವರೂ ಹಾಗೆಯೇ.

ಅವರು ಯಾರೆಂದು ಕೇಳಿದ್ದಕ್ಕೆ ಹುಡುಗ 'ಮೆಕ್ಸಿಕೊದವರು ದೊಡ್ಡಮ್ಮ, ಸೀಸನ್ನಿಗೆ ಬರ್ತಾರೆ' ಎಂದ. ಬಾಣಂತಿಯ ಕೋಣೆಯಲ್ಲಿ ಮಗು ಮಲಗಿದಾಗ ನನಗೆ ಬೇರೆ ಕೆಲಸವಿರಲಿಲ್ಲ. ಹತ್ತಿರದ ಲೈಬ್ರರಿಯಿಂದ ಅವನು ತಂದುಕೊಟ್ಟ ಪುಸ್ತಕಗಳನ್ನು ಡಿಕ್ಷನರಿ ಇಟ್ಟುಕೊಂಡು ಓದಿದೆ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಗಂಡಸರು ಸೈನ್ಯಕ್ಕೂ ಕಾರ್ಖಾನೆಗೂ ಹೋದಾಗ ಹೊಲದಲ್ಲಿ ದುಡಿಯುವವರಿಲ್ಲದಂತಾಯಿತು. 1942ರಲ್ಲಿ ಅಮೆರಿಕ, ಮೆಕ್ಸಿಕೊ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡು ಗಂಡಸರನ್ನು ಕಂತ್ರಾಟಿನ ಮೇಲೆ ಕರೆತರತೊಡಗಿದವು. ಯುದ್ಧ ಮುಗಿದರೂ ಯೋಜನೆ ಮುಗಿಯಲಿಲ್ಲ. 1964ರ ವರೆಗೆ ನಡೆಯಿತು. ನಲವತ್ತೈದು ಲಕ್ಷಕ್ಕೂ ಹೆಚ್ಚು ಕಂತ್ರಾಟುಗಳಾದವು, ಒಬ್ಬನೇ ಹಲವು ಸಲ ಬಂದದ್ದೂ ಉಂಟು. ಅವರನ್ನು 'ಬ್ರಸೆರೊ' ಎನ್ನುತ್ತಿದ್ದರು. ಸ್ಪ್ಯಾನಿಷಿನಲ್ಲಿ 'ಬ್ರಾಸೊ' ಎಂದರೆ ತೋಳು. ತೋಳಿನಿಂದ ದುಡಿಯುವವನು ಬ್ರಸೆರೊ. ಇದನ್ನು ಓದಿದಾಗ ನನಗೆ ನಮ್ಮ 'ಆಳು' ನೆನಪಾಯಿತು. ಅಲ್ಲೂ ಬೇಕಾದದ್ದು ತೋಳು ಮಾತ್ರ.

ಗಡಿಯ ಕೇಂದ್ರಗಳಲ್ಲಿ ಈ ಗಂಡಸರ ಕೈ ಮುಟ್ಟಿ ನೋಡುತ್ತಿದ್ದರಂತೆ, ದುಡಿದು ಜಡ್ಡುಗಟ್ಟಿದೆಯೇ ಎಂದು. ಬಟ್ಟೆ ಬಿಚ್ಚಿಸಿ ಪರೀಕ್ಷಿಸುತ್ತಿದ್ದರು. ಆಮೇಲೆ ಮೈಮೇಲೆ ಡಿಡಿಟಿ ಪುಡಿ ಹೊಡೆಯುತ್ತಿದ್ದರು. 1956ರಲ್ಲಿ ಲಿಯೊನಾರ್ಡ್ ನಾಡೆಲ್ ಎಂಬ ಛಾಯಾಗ್ರಾಹಕ ಟೆಕ್ಸಾಸಿನ ಕೇಂದ್ರವೊಂದರಲ್ಲಿ ತೆಗೆದ ಚಿತ್ರ ಆ ಪುಸ್ತಕದಲ್ಲಿತ್ತು. ಮುಖವಾಡ ತೊಟ್ಟವನೊಬ್ಬ ಸಾಲಿನಲ್ಲಿ ನಿಂತ ಗಂಡಸಿನ ಮುಖಕ್ಕೇ ಪುಡಿ ಹೊಡೆಯುತ್ತಿದ್ದಾನೆ. ಆ ಕಾಲದಲ್ಲೇ ನಮ್ಮ ಅಜ್ಜಿಯ ಮನೆಯ ಗೋಡೆಗೆ ಹೊಡೆದದ್ದೂ ಅದೇ ಔಷಧಿ. ನಮ್ಮಲ್ಲಿ ಸೊಳ್ಳೆ ಸಾಯಲೆಂದು ಹೊಡೆದರು. ಅಲ್ಲಿ ಮನುಷ್ಯನನ್ನೇ ಹುಳುವಿನ ಸಮ ಮಾಡಿ ನಿಲ್ಲಿಸಿದರು.

ಓದುಗ ಸಹೋದರಿಯರಿಗೆ ಮುಖ್ಯವಾದ ಮಾತೊಂದಿದೆ. ಈ ಕಂತ್ರಾಟು ಗಂಡಸರಿಗೆ ಮಾತ್ರ. ಹೆಂಡತಿ ಮಕ್ಕಳನ್ನು ಕರೆತರುವಂತಿರಲಿಲ್ಲ. ಹಾಗಾಗಿ ಮೆಕ್ಸಿಕೊದ ಹಳ್ಳಿಗಳಲ್ಲಿ ಉಳಿದ ಹೆಂಗಸರೇ ಮುಸುಕಿನ ಜೋಳ ಬಿತ್ತಿದರು, ಮುದುಕರನ್ನು ನೋಡಿಕೊಂಡರು, ಪತ್ರಕ್ಕಾಗಿ ಕಾದರು. ಇತ್ತ 1942ರಿಂದ 1949ರ ವರೆಗೆ ಗಂಡಸರ ಪಗಾರದಲ್ಲಿ ನೂರಕ್ಕೆ ಹತ್ತರಂತೆ ಹಿಡಿದು, ಊರಿಗೆ ಮರಳಿದ ಮೇಲೆ ಕೊಡುತ್ತೇವೆಂದು ಬ್ಯಾಂಕಿಗೆ ಕಳಿಸಿದರು. ಎಷ್ಟೋ ಜನರಿಗೆ ಆ ಹಣ ಸಿಗಲೇ ಇಲ್ಲ. ಐವತ್ತು ವರ್ಷ ಕಳೆದ ಮೇಲೆ ಮುದುಕರಾದ ಬ್ರಸೆರೊಗಳೂ ಅವರ ವಿಧವೆಯರೂ ಬೀದಿಗಿಳಿದು ಕೇಳಿದರು. 2000ದ ನಂತರದ ವರ್ಷಗಳಲ್ಲಿ ಮೆಕ್ಸಿಕೊ ಸರ್ಕಾರ ದಾಖಲೆ ತೋರಿಸಿದವರಿಗೆ ತಲಾ 38,000 ಪೆಸೊ ಕೊಡಲು ಒಪ್ಪಿತು. ದಾಖಲೆ ತೋರಿಸಿದವರಿಗೆ! ಗಂಡನ ಹಳೆಯ ಕಂತ್ರಾಟು ಕಾಗದವನ್ನು ಪೆಟ್ಟಿಗೆಯ ತಳದಲ್ಲಿ ಜೋಪಾನ ಮಾಡಿದ ಹೆಂಗಸಿಗೆ ಸಿಕ್ಕಿತು. ಗೆದ್ದಲು ತಿಂದ ಮನೆಯವಳಿಗೆ ಇಲ್ಲ.

ಕಾನೂನಿನ ಹೊರಗಿಡುವ ಕಲೆಯಲ್ಲಿ ಎರಡೂ ದೇಶ ಒಂದೇ. ಅಮೆರಿಕದಲ್ಲಿ ಕಾರ್ಮಿಕರು ಸಂಘ ಕಟ್ಟಿಕೊಳ್ಳುವ ಹಕ್ಕಿನ ಕಾಯಿದೆ 1935ರಲ್ಲೂ ಕನಿಷ್ಠ ವೇತನದ ಕಾಯಿದೆ 1938ರಲ್ಲೂ ಬಂದವು. ಎರಡರಲ್ಲೂ ಹೊಲದ ಕೂಲಿಗಳನ್ನು ಬಿಟ್ಟಿದ್ದರು. ನಮ್ಮಲ್ಲಿ 1951ರ ಪ್ಲಾಂಟೇಶನ್ ಕಾಯಿದೆ ಕಾಫಿ, ಚಹಾ, ರಬ್ಬರಿನ ದೊಡ್ಡ ಎಸ್ಟೇಟುಗಳಲ್ಲಿ ದುಡಿಯುವವರಿಗೆ ಮನೆ, ಔಷಧ, ಮಕ್ಕಳಿಗೆ ಶಾಲೆ ಬೇಕೆಂದಿತು. ನಮ್ಮ ಅಡಿಕೆ ತೋಟ ಅದರಲ್ಲಿ ಬರಲಿಲ್ಲ. 1979ರಲ್ಲಿ ವಲಸೆ ಕಾರ್ಮಿಕರಿಗೆಂದೇ ಬಂದ ಕಾಯಿದೆ ರಾಜ್ಯದ ಗಡಿ ದಾಟಿ ಬಂದವರಿಗೆ ಮಾತ್ರ ಎಂದಿತು. ಕೊಪ್ಪಳದಿಂದ ಶಿರಸಿಗೆ ಬಂದವಳು ಯಾವ ಗಡಿ ದಾಟಿದಳು?

ಆ ಪುಸ್ತಕಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಬ್ಬ ಹೆಂಗಸು. ಹೆಸರು ಡೊಲೋರೆಸ್ ಹುಯೆರ್ಟಾ, 1930ರಲ್ಲಿ ಹುಟ್ಟಿದವಳು. ಅವಳು ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಎಂಬ ಊರಿನಲ್ಲಿ ಶಾಲಾ ಶಿಕ್ಷಕಿಯಾಗಿದ್ದಳು. ಹೊಲದ ಕೂಲಿಗಳ ಮಕ್ಕಳು ಹಸಿದುಕೊಂಡು, ಬರಿಗಾಲಲ್ಲಿ ತರಗತಿಗೆ ಬರುತ್ತಿದ್ದುದನ್ನು ನೋಡಲಾಗದೆ ಕೆಲಸ ಬಿಟ್ಟಳು. ಪಾಠ ಹೇಳುವುದಕ್ಕಿಂತ ಅವರ ತಂದೆತಾಯಿಯರನ್ನು ಸಂಘಟಿಸುವುದೇ ಮೇಲೆಂದು ಅವಳಿಗೆ ಕಂಡಿತು. 1962ರಲ್ಲಿ ಸೀಸರ್ ಚಾವೆಜ್ ಜೊತೆ ಸೇರಿ ಸಂಘ ಕಟ್ಟಿದಳು. 1965ರಲ್ಲಿ ಡೆಲಾನೊ ಎಂಬಲ್ಲಿ ಮೊದಲು ಫಿಲಿಪೀನ್ಸ್ ಮೂಲದ ಕೂಲಿಗಳು ದ್ರಾಕ್ಷಿ ಕೊಯ್ಲು ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಇವರೂ ಸೇರಿದರು. ದೇಶದ ಗೃಹಿಣಿಯರು ಅಂಗಡಿಯಲ್ಲಿ ದ್ರಾಕ್ಷಿ ಕೊಳ್ಳುವುದನ್ನೇ ಬಿಟ್ಟರು. 1970ರಲ್ಲಿ ತೋಟದ ಮಾಲೀಕರು ಸಂಘದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದರು. ದಿನವಿಡೀ ಸೊಂಟ ಮುರಿಯುವಂತೆ ಬಗ್ಗಿಸುತ್ತಿದ್ದ ಗಿಡ್ಡ ಹಿಡಿಯ ಗುದ್ದಲಿಯನ್ನು 1975ರಲ್ಲಿ ಕ್ಯಾಲಿಫೋರ್ನಿಯಾ ನಿಷೇಧಿಸಿತು. ಹನ್ನೊಂದು ಮಕ್ಕಳನ್ನು ಹೆತ್ತ ಒಬ್ಬ ಟೀಚರು ಇಷ್ಟೆಲ್ಲದರಲ್ಲಿ ಕೈ ಹಾಕಿದ್ದಳು.

ಪುಸ್ತಕ ಮುಚ್ಚಿಟ್ಟು ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಏಕೆಂದರೆ ನಾನೂ ಟೀಚರು. ನನ್ನ ತರಗತಿಗೂ ಅಂಥ ಒಬ್ಬಳು ಬಂದಿದ್ದಳು. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಈಗ ಹೇಳುತ್ತೇನೆ.

2004ರ ಮಾತು. ಆಗ ನಾನಿದ್ದ ಶಾಲೆಯ ಹೆಸರು ಬೇಡ. ಆ ಸುಮಾರಿಗೆ ನಮ್ಮ ಸೀಮೆಯಲ್ಲಿ ಶುಂಠಿಯ ಹುಚ್ಚು ಹತ್ತಿತ್ತು. ಹೊರಗಿನವರು ಬಂದು ಗದ್ದೆಯನ್ನು ಒಂದು ಬೆಳೆಗೆ ಲೀಸಿಗೆ ಹಿಡಿಯುತ್ತಿದ್ದರು. ಬೆಳೆ ತೆಗೆದು ಮುಂದಿನ ವರ್ಷ ಬೇರೆ ಗದ್ದೆಗೆ ಹೋಗುತ್ತಿದ್ದರು. ದುಡಿಯಲು ಬಯಲುಸೀಮೆಯಿಂದ ಸಂಸಾರಗಳು ಬರುತ್ತಿದ್ದವು. ಗದ್ದೆಯ ಬದಿಗೇ ಪ್ಲಾಸ್ಟಿಕ್ ಹೊದೆಸಿದ ಶೆಡ್ಡು. ಆ ವರ್ಷ ನಮ್ಮ ಮನೆಯ ಗದ್ದೆಯನ್ನೂ ಲೀಸಿಗೆ ಕೊಟ್ಟಿದ್ದೆವು. ಆ ಹಣದಲ್ಲೇ ನಾನು ಮನೆಗೆ ಮಿಕ್ಸರು, ಮಗನಿಗೆ ಸೈಕಲ್ಲು ಕೊಂಡದ್ದು.

ಆ ಶೆಡ್ಡಿನ ಹುಡುಗಿ ನವೆಂಬರಿನಲ್ಲಿ ನನ್ನ ನಾಲ್ಕನೆಯ ತರಗತಿಗೆ ಬಂದಳು. ಕೊಪ್ಪಳದ ಕಡೆಯವಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈಗ ಯಾರದೋ ಮನೆಯ ಗೃಹಿಣಿಯಾಗಿರುತ್ತಾಳೆ, ಅವಳನ್ನು ಕೇಳದೆ ಬರೆಯುವುದು ಸರಿಯಲ್ಲ. ಗಣಿತದಲ್ಲಿ ಬಲು ಚುರುಕು. ಮಜೂರಿಯ ಲೆಕ್ಕವನ್ನು ಅಪ್ಪನಿಗೆ ಅವಳೇ ಮಾಡಿಕೊಡುತ್ತಿದ್ದಳು. ಯುಗಾದಿಗೆ ಮೊದಲು ಒಂದು ಸಂಜೆ ಬಂದು 'ಅಕ್ಕೋರ, ನಾಳೆ ಊರಿಗೆ ಹೊಂಟೇವ್ರಿ' ಎಂದಳು. ಹೋಗಿ ಬಾ ಎಂದೆ. ಅವಳ ಕೈಗೆ ಒಂದು ಚೀಟಿಯನ್ನೂ ಕೊಡಲಿಲ್ಲ.

ಜೂನ್ ಬಂತು, ಅವಳು ಬರಲಿಲ್ಲ. ಇನ್ಸ್ಪೆಕ್ಷನ್ನಿನ ಭಯ ನನಗೆ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಸಾಲು ಚೆನ್ನಾಗಿ ಕಾಣುವುದಿಲ್ಲ. ಆಗಸ್ಟಿನಲ್ಲಿ ಕೆಂಪು ಶಾಯಿಯಲ್ಲಿ 'ನಿರಂತರ ಗೈರು' ಎಂದು ಬರೆದು ಅವಳ ಹೆಸರನ್ನು ಹೊಡೆದೆ. ನವೆಂಬರಿನಲ್ಲಿ ಅವಳು ಅಪ್ಪನ ಕೈ ಹಿಡಿದು ಬಾಗಿಲಲ್ಲಿ ನಿಂತಳು. ಹಿಂದಿನ ವರ್ಷದ ಅದೇ ಚೀಲ. ಹೆಸರು ತೆಗೆದಾಗಿದೆ ಎಂದೆ. 'ಹೆಸರು ಇಲ್ಲದಿದ್ರ ಇರ್ಲಿ ಬಿಡ್ರಿ ಅಕ್ಕೋರ, ಕುಂದ್ರಸ್ಕೊಳ್ರಿ ಸಾಕು' ಎಂದ ಅವಳಪ್ಪ. ಅರ್ಜಿ ಬರೆಸಿಕೊಂಡು ಮತ್ತೆ ಸೇರಿಸಿಕೊಳ್ಳಬಹುದಿತ್ತು. ಅದು ನನಗೆ ಗೊತ್ತಿತ್ತು. ಆದರೆ ಮತ್ತೆ ನಾಲ್ಕು ತಿಂಗಳಿಗೆ ಓಡಿಹೋಗುವವಳಿಗಾಗಿ ಮೇಲಿನವರಿಗೆ ಉತ್ತರ ಹೇಳುವುದು ಯಾರು ಎಂದುಕೊಂಡೆ. 'ಮುಂದಿನ ವಾರ ಬನ್ನಿ, ನೋಡುವ' ಎಂದೆ. ಮುಂದಿನ ವಾರ ಅವರು ಬರಲಿಲ್ಲ. ನಾನೇ ಹುಡುಕಿಕೊಂಡು ಹೋದಾಗ ಶೆಡ್ಡು ಕಿತ್ತಾಗಿತ್ತು. ಬೇರೆ ಗದ್ದೆಗೆ, ಸೊರಬದ ಕಡೆಗೆ ಹೋದರೆಂದು ಪಕ್ಕದವರು ಹೇಳಿದರು. ಎರಡು ವರ್ಷದ ಮೇಲೆ ಅದೇ ಊರಿನ ಇನ್ನೊಂದು ಸಂಸಾರ ಬಂದಿತ್ತು. ಕೇಳಿದೆ. 'ಅಕೀ ಈಗ ಸಾಲಿಗೆ ಹೋಗೂದಿಲ್ರಿ, ತಮ್ಮನ್ನ ನೋಡ್ಕೋತಾಳ, ದುಡಿಯಾಕೂ ಬರ್ತಾಳ' ಎಂದರು.

ಅಜ್ಜ ಮೂರು ದಿನ ಲೆಕ್ಕಕ್ಕಿಲ್ಲ ಎಂದು ಬರೆದಿದ್ದರು. ಮೊಮ್ಮಗಳು ಪೂರ್ತಿ ಹೆಸರನ್ನೇ ಲೆಕ್ಕದಿಂದ ತೆಗೆದಳು.

ಹೆಸರಿನ ಮಾತು ಬಂದದ್ದಕ್ಕೆ ಇನ್ನೊಂದು ಘಟನೆ ಹೇಳಬೇಕು. 1948ರ ಜನವರಿ 28ರಂದು, ನಮ್ಮಲ್ಲಿ ಗಾಂಧೀಜಿ ತೀರಿಹೋಗುವ ಎರಡು ದಿನ ಮೊದಲು, ಕ್ಯಾಲಿಫೋರ್ನಿಯಾದ ಲಾಸ್ ಗ್ಯಾಟೋಸ್ ಕಣಿವೆಯಲ್ಲಿ ಒಂದು ವಿಮಾನ ಉರಿದು ಬಿತ್ತು. ಹೊಲದ ಕೆಲಸ ಮುಗಿದ ಮೆಕ್ಸಿಕೊದವರನ್ನು ಗಡಿಯಾಚೆಗೆ ವಾಪಸು ಕಳಿಸುತ್ತಿದ್ದ ವಿಮಾನ ಅದು. ಸತ್ತವರು 32 ಜನ. ವಿಮಾನದ ಸಿಬ್ಬಂದಿ ಮತ್ತು ಕಾವಲಿನ ಅಧಿಕಾರಿ ಸೇರಿ ನಾಲ್ವರ ಹೆಸರು ಸುದ್ದಿಯಲ್ಲಿ ಬಂತು. ಉಳಿದ 28 ಜನ ಗಡೀಪಾರಾದವರು ಎಂದಷ್ಟೇ ಬಂತು. ಫ್ರೆಸ್ನೊ ಊರಿನ ಸ್ಮಶಾನದಲ್ಲಿ ಅವರನ್ನು ಒಂದೇ ಗುಂಡಿಯಲ್ಲಿ ಹೂಳಿದರು. ಮನನೊಂದ ವುಡಿ ಗತ್ರಿ ಎಂಬ ಕವಿ ಅವರ ಮೇಲೆ ಹಾಡು ಕಟ್ಟಿದ. 65 ವರ್ಷ ಕಳೆದ ಮೇಲೆ ಟಿಮ್ ಹೆರ್ನಾಂಡೆಸ್ ಎಂಬ ಲೇಖಕ ಮತ್ತು ಇತರರು ದಾಖಲೆ ಹುಡುಕಿ, 2013ರಲ್ಲಿ ಅದೇ ಜಾಗದಲ್ಲಿ 28 ಹೆಸರುಗಳನ್ನೂ ಕೆತ್ತಿದ ಕಲ್ಲು ನಿಲ್ಲಿಸಿದರು. ಅವರಲ್ಲಿ ಒಬ್ಬ ಹೆಂಗಸೂ ಇದ್ದಳಂತೆ.

ಕಲ್ಲಿನ ಮೇಲಿನ ಹೆಸರು ಎಂದರೆ ನಮ್ಮ ಗುಡ್ನಾಪುರದವರಿಗೆ ಹೊಸದಲ್ಲ. ಕೆರೆಯ ಬದಿಯಲ್ಲಿ ಸಿಕ್ಕ ಕದಂಬರ ರವಿವರ್ಮನ ಕಂಬಶಾಸನ ಇತಿಹಾಸಕಾರರಿಗೆಲ್ಲ ಗೊತ್ತು. ಸುಮಾರು ಒಂದೂವರೆ ಸಾವಿರ ವರ್ಷದ ಹಿಂದಿನದು. ರಾಜವಂಶದ ಹೊಗಳಿಕೆ, ಕಾಮದೇವನ ಆಲಯ, ಬಿಟ್ಟ ಭೂಮಿ ಎಲ್ಲ ಸಂಸ್ಕೃತದ ಪದ್ಯಗಳಲ್ಲಿವೆ. ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಕೆರೆ ದಂಡೆಗೆ ಹೋಗಿ ಇದನ್ನು ಹೇಳುತ್ತಿದ್ದೆ. ಅಮೆರಿಕದಿಂದ ಬಂದ ವರ್ಷ ಮೊದಲ ಸಲ ಮಕ್ಕಳನ್ನು ಕೇಳಿದೆ: 'ಈ ಕೆರೆಯ ಮಣ್ಣು ಹೊತ್ತವರು ಯಾರು?' ಒಬ್ಬ ಹುಡುಗ ತಕ್ಷಣ 'ಆಳುಗಳು, ಅಕ್ಕೋರೇ' ಎಂದ. ಉಳಿದವರು ನಕ್ಕರು. ನಗುವಂಥದ್ದು ಏನೂ ಇರಲಿಲ್ಲ.

ಕಾಲ ಬದಲಾಗಿಲ್ಲವೆಂದು ನಾನು ಹೇಳುವುದಿಲ್ಲ. 2009ರಲ್ಲಿ ಶಿಕ್ಷಣ ಹಕ್ಕಿನ ಕಾಯಿದೆಯಾಗಿ 2010ರ ಏಪ್ರಿಲ್‌ನಿಂದ ಜಾರಿಗೆ ಬಂತು. ಟಿ.ಸಿ. ಇಲ್ಲವೆಂದೋ ತಡವಾಗಿ ಬಂದರೆಂದೋ ಮಗುವನ್ನು ಬಾಗಿಲಿನಿಂದ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಈಗ ಪ್ರತಿ ಮಗುವಿಗೂ ಸ್ಯಾಟ್ಸ್ ಸಂಖ್ಯೆ ಇದೆ, ಎಲ್ಲಿಗೆ ಹೋದರೂ ಕಂಪ್ಯೂಟರಿನಲ್ಲಿ ಸಿಗುತ್ತದೆ. ಅಮೆರಿಕದವರು ಇದನ್ನು ನಮಗಿಂತ ಮೊದಲೇ ಮಾಡಿ ನೋಡಿದ್ದರು. ಅಲೆದು ದುಡಿಯುವವರ ಮಕ್ಕಳ ಓದಿಗೆ 1966ರಲ್ಲಿ ಪ್ರತ್ಯೇಕ ಯೋಜನೆ ತಂದು, ಮಕ್ಕಳ ದಾಖಲೆಯನ್ನು ಶಾಲೆಯಿಂದ ಶಾಲೆಗೆ ಕಳಿಸಲು ಲಿಟಲ್ ರಾಕ್ ಎಂಬ ಊರಿನಲ್ಲಿ ಕಂಪ್ಯೂಟರ್ ಕೇಂದ್ರವನ್ನೇ ತೆರೆದಿದ್ದರು. 1995ರಲ್ಲಿ ಅದನ್ನು ಮುಚ್ಚಿದರು. ವ್ಯವಸ್ಥೆ ಇದ್ದರೂ ದಾಖಲೆ ತಲುಪುವ ಮೊದಲೇ ಮಗು ಮುಂದಿನ ಹೊಲಕ್ಕೆ ಹೋಗಿರುತ್ತಿತ್ತು ಎಂಬ ದೂರು ಇತ್ತಂತೆ.

ಅದಕ್ಕೇ ನಾನು ನನ್ನ ಕೈಲಾದ ಒಂದು ಸಣ್ಣ ಕೆಲಸ ಹಿಡಿದಿದ್ದೇನೆ. ಆ ಹುಡುಗಿಯ ಸುದ್ದಿ ತಿಳಿದ ವರ್ಷದಿಂದ, ಬಂದು ಹೋಗುವ ಮಕ್ಕಳಿಗಾಗಿ ಒಂದು ಬೇರೆ ನೋಟುಬುಕ್ಕು ಇಟ್ಟಿದ್ದೇನೆ. ಹೆಸರು, ಊರು, ಯಾವ ಪಾಠದ ವರೆಗೆ ಆಯಿತು, ಯಾವ ಲೆಕ್ಕ ಬರುತ್ತದೆ, ಯಾವುದು ಬರುವುದಿಲ್ಲ ಎಲ್ಲ ಬರೆಯುತ್ತೇನೆ. ಹೋಗುವ ದಿನ ಅದನ್ನೇ ಒಂದು ಹಾಳೆಯಲ್ಲಿ ನಕಲು ಮಾಡಿ ಮಗುವಿನ ಚೀಲದಲ್ಲಿಡುತ್ತೇನೆ. ಮೇಲೆ 'ಮುಂದಿನ ಅಕ್ಕೋರಿಗೆ ಅಥವಾ ಮಾಸ್ತರಿಗೆ' ಎಂದು ಬರೆದಿರುತ್ತದೆ. ಎಷ್ಟು ಹಾಳೆ ತಲುಪಿದವೋ, ಎಷ್ಟು ಒಲೆಗೆ ಹೋದವೋ ದೇವರಿಗೇ ಗೊತ್ತು. ಹುಯೆರ್ಟಾಳ ಹಾಗೆ ಕೆಲಸ ಬಿಟ್ಟು ಹೊರಡುವ ಧೈರ್ಯ ನನ್ನಲ್ಲಿ ಇರಲಿಲ್ಲ. ಒಂದು ಸಲ ಮಾತ್ರ, ಗದಗದ ಕಡೆಯ ಯಾರೋ ಮಾಸ್ತರು ಅದೇ ಹಾಳೆಯ ಹಿಂದೆ 'ಭಾಗಾಕಾರ ಕಲಿಸಿದ್ದೇನೆ' ಎಂದು ಬರೆದು ಮಗುವಿನ ಕೈಲೇ ವಾಪಸು ಕಳಿಸಿದ್ದರು. ಆ ಹಾಳೆಯನ್ನು ದೇವರ ಪಟದ ಹಿಂದೆ ಇಟ್ಟಿದ್ದೇನೆ.

ಈಗ ಘಟ್ಟದ ಕೆಳಗಿನವರು ಮೇಲೆ ಬರುವುದು ಕಡಿಮೆ. ಅವರ ಮಕ್ಕಳು ಓದಿ ಬೇರೆ ಕೆಲಸ ಹಿಡಿದರು, ಸಂತೋಷವೇ. ಕಳೆದ ಚಳಿಗಾಲ ತವರಿಗೆ ಹೋದಾಗ ಅಡಿಕೆ ಕೊಯ್ಲಿಗೆ ಜಾರ್ಖಂಡಿನಿಂದ ಬಂದ ಹುಡುಗರಿದ್ದರು. ಅತ್ತಿಗೆ ಒಳಗಿನಿಂದ ಕೂಗಿ ಕೇಳಿದಳು: 'ಇವತ್ತು ಎಷ್ಟು ಆಳು? ಚಹಾ ಇಡಬೇಕು.' ನಾನು ಅಜ್ಜನ ಕೊನೆಯ ಪುಸ್ತಕವನ್ನು ಜೊತೆಗೆ ಒಯ್ದಿದ್ದೆ. ಅದರಲ್ಲಿ ಖಾಲಿ ಹಾಳೆಗಳು ಉಳಿದಿದ್ದವು. ಜಗಲಿಯಲ್ಲಿ ಕುಳಿತು ಒಬ್ಬೊಬ್ಬರ ಹೆಸರು ಕೇಳಿ ಬರೆಯತೊಡಗಿದೆ. ಅಣ್ಣ ನಕ್ಕ, 'ನಿನ್ನ ಹಾಜರಿ ಇಲ್ಲಿಗೂ ಬಂತೇನೇ' ಎಂದ. ನನ್ನ ಹರಕು ಹಿಂದಿಗೆ ಹುಡುಗರಿಗೂ ನಗು. ಒಂದು ಹೆಸರನ್ನು ನಾನು ಎರಡು ಸಲ ತಪ್ಪು ಬರೆದೆ. ಆ ಹುಡುಗ ಹತ್ತಿರ ಬಂದು ನೋಡಿ, ತಲೆ ಅಲ್ಲಾಡಿಸಿ, ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಅಜ್ಜನ ದುಂಡು ಅಕ್ಷರಗಳ ಕೆಳಗೆ ತನ್ನ ಹೆಸರನ್ನು ನಿಧಾನವಾಗಿ, ಹಿಂದಿಯಲ್ಲಿ ತಾನೇ ಬರೆದ. ಆಮೇಲೆ ಊರಿನ ಹೆಸರನ್ನೂ ಬರೆದ.